ಅಟ್ಟದ ಕೆಳಗಿನ ಸಭೆ

ಮೊನ್ನೆ ಸಂಜೆ ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿರುವ ಅಂಗಡಿಯಲ್ಲಿ ಖಾರದ ಕಡಲೆಬೀಜ ಕಟ್ಟಿಸಿಕೊಂಡೆ. ಡಾಕ್ಟರು ಕರಿದದ್ದು ಬೇಡ ಅಂದಿದ್ದಾರೆ. ಹಾಗಾಗಿ ಮನೆಗೆ ಒಯ್ಯದೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಕಳ್ಳನ ಹಾಗೆ ತಿಂದು ಮುಗಿಸುವುದು ನನ್ನ ರೂಢಿ. ಪೊಟ್ಟಣ ಖಾಲಿಯಾದ ಮೇಲೆ ಕಾಗದ ಬಿಡಿಸಿ ಓದುವುದು ಇನ್ನೊಂದು ಚಟ. ಮೇಷ್ಟ್ರಾಗಿದ್ದವರನ್ನು ಕೇಳಿ ನೋಡಿ, ಎಲ್ಲರಿಗೂ ಇರುತ್ತದೆ. ಎಣ್ಣೆ ಹೀರಿದ ಆ ಹಾಳೆಯನ್ನು ಬೀದಿ ದೀಪಕ್ಕೆ ಹಿಡಿದೆ. ಅಕ್ಷರ ಎಲ್ಲೋ ನೋಡಿದಂತಿತ್ತು. ನೋಡಿದರೆ ನನ್ನವೇ.

ಮೂವತ್ತು ವರ್ಷಕ್ಕೂ ಮೇಲೆ ನಾನು ಇಲ್ಲಿನ ಕಾಲೇಜೊಂದರಲ್ಲಿ ಚರಿತ್ರೆ ಹೇಳಿದವನು. ನನ್ನ ನೋಟ್ಸಿನ ಜೆರಾಕ್ಸು, ಆ ಜೆರಾಕ್ಸಿನ ಜೆರಾಕ್ಸು ಈಗಲೂ ಊರಲ್ಲಿ ಓಡಾಡುತ್ತಿದೆ ಎಂದು ಕೇಳಿದ್ದೆ. ಕಡಲೆಬೀಜದವರೆಗೂ ಬಂದಿದೆ ಎಂದು ಗೊತ್ತಿರಲಿಲ್ಲ. ‘ಆದಿ ಕ್ರೈಸ್ತ ಸಭೆಯ ಬೆಳವಣಿಗೆಗೆ ಕಾರಣಗಳು’ ಎಂದು ಮೇಲೆ ಎರಡು ಗೆರೆ ಎಳೆದ ತಲೆಬರಹ. ಪಕ್ಕದಲ್ಲಿ ಯಾರೋ ಪುಣ್ಯಾತ್ಮರು ‘ಇದು ಬಂದೇ ಬರುತ್ತೆ’ ಎಂದು ಬರೆದು ನಕ್ಷತ್ರ ಹಾಕಿದ್ದರು. ರೋಮನ್ನರು ಹಾಕಿದ್ದ ಒಳ್ಳೆಯ ರಸ್ತೆಗಳು, ಊರೂರಿಗೂ ತಿಳಿಯುತ್ತಿದ್ದ ಗ್ರೀಕ್ ಭಾಷೆ, ಗುಲಾಮರನ್ನೂ ಹೆಂಗಸರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದು, ಹೀಗೆ ಮೂರು ಕಾರಣಗಳಿದ್ದವು. ನಾಲ್ಕು ಎಂದು ಸಂಖ್ಯೆ ಬರೆದ ಕಡೆ ಹಾಳೆ ಹರಿದಿತ್ತು.

ನಾಲ್ಕನೆಯದು ಏನೆಂದು ನನಗೆ ಗೊತ್ತಿಲ್ಲವೇ? ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ‘ಪಿಡುಗು ಬಂದಾಗ ವೈದ್ಯರೇ ಊರು ಬಿಟ್ಟು ಓಡಿದರೂ ಇವರು ಉಳಿದು ರೋಗಿಗಳ ಆರೈಕೆ ಮಾಡಿದರು. ತಮ್ಮವರಲ್ಲದವರ ಹೆಣಕ್ಕೂ ಸಂಸ್ಕಾರ ಮಾಡಿದರು.’ ಇಷ್ಟೇ. ಎರಡು ವಾಕ್ಯ, ಎರಡು ಅಂಕ. ಒಂದು ವರ್ಷ ಕಂದಿಕೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಅಂಟೋ ಕಾಯಿಲೆ ಅಂತ ಗೊತ್ತಿದ್ದೂ ಅವ್ರು ಯಾಕ್ ಹೋಗ್ತಿದ್ರು?” ಎಂದು ಕೇಳಿದಳು. ಗಂಟೆ ಹೊಡೆಯಲು ಐದು ನಿಮಿಷವಿತ್ತು. “ಅದು ಪರೀಕ್ಷೆಗೆ ಬರಲ್ಲ ಕಣಮ್ಮ, ಐದನೇದು ಬರ್ಕೋ” ಎಂದೆ. ತರಗತಿ ನಕ್ಕಿತು. ನನಗೂ ಒಳ್ಳೆಯ ಮಾತು ಹೇಳಿದೆನೆಂಬ ಸಂತೋಷವಾಗಿತ್ತು.

ಈಗ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಮನೆಯ ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆ ಇದೆ, ಮೇಲೆ ಅಟ್ಟ. ನಮ್ಮಪ್ಪ ಕೊಬ್ಬರಿಗಾಗಿಯೇ ಕಟ್ಟಿಸಿದ್ದು. ನಮ್ಮ ಸೀಮೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಬೇರೆ ಕಡೆಯವರು ಓದುತ್ತಿದ್ದರೆ ತಿಳಿಯಲಿ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು, ಆಗ ಕೊಬ್ಬರಿ ಆಯಿತೆಂದು ಲೆಕ್ಕ. ಅವಸರ ಮಾಡಿ ಒಡೆದವನಿಗೆ ಕೊಬ್ಬರಿಯೂ ಇಲ್ಲ, ಕಾಯೂ ಇಲ್ಲ. ಅಪ್ಪ ಹೋದ ಮೇಲೆ ನನಗೆ ಆ ತಾಳ್ಮೆಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಿಳಿಗೆರೆಯ ತೋಟದ ಕಾಯನ್ನು ತೋಟದಲ್ಲೇ ಮಾರಿಬಿಡುತ್ತಿದ್ದೆ. ಅಟ್ಟ ಖಾಲಿ ಬಿದ್ದಿತ್ತು. ಕೆಳಗಿನ ಕೋಣೆಗೆ ಒಂದು ಒಲೆಕಟ್ಟೆ ಹಾಕಿಸಿ ಬಾಡಿಗೆಗೆ ಕೊಟ್ಟೆ.

ಹಾಗೆ ಬಂದವರು ಲಿಡಿಯಾ ಸಿಸ್ಟರ್. ಹಾಸನದ ಕಡೆಯವರು, ಆಸ್ಪತ್ರೆಯಲ್ಲಿ ನರ್ಸು, ಒಂಟಿ ಹೆಂಗಸು. ಐವತ್ತರ ಹತ್ತಿರ ವಯಸ್ಸು, ಸಣಕಲು ಮೈ, ನಡೆದರೆ ಮಾತ್ರ ಬೀದಿಗೆಲ್ಲ ಕೇಳುವ ಹೆಜ್ಜೆ. ಮಾತು ಕಡಿಮೆ. ನಮ್ಮಮ್ಮನ ಬಿ.ಪಿ. ನೋಡುವ ನೆಪದಲ್ಲಿ ದಿನಕ್ಕೊಮ್ಮೆ ನಮ್ಮ ಒಳಮನೆಗೆ ಬಂದು ಹೋಗುತ್ತಿದ್ದರು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಅವರು ಬೇರೆ ಜನ. ಆದರೂ ಅಮ್ಮ ಮೂರನೆಯ ದಿನಕ್ಕೇ ಅವರಿಗೆ ತನ್ನ ಮಂಡಿನೋವಿನ ಪೂರ್ತಿ ಚರಿತ್ರೆ ಹೇಳಿ ಮುಗಿಸಿದ್ದಳು.

ಭಾನುವಾರ ಬೆಳಿಗ್ಗೆ ಆ ಕೋಣೆಗೆ ಎಂಟು ಒಂಬತ್ತು ಜನ ಬರುತ್ತಿದ್ದರು. ಕೊಬ್ಬರಿ ವ್ಯಾಪಾರದ ಮಂಡಿಯಲ್ಲಿ ಕಾಯಿ ಚಿಪ್ಪು ಬಿಡಿಸುವ ಚಿನ್ನಮ್ಮ, ಅವಳ ಅತ್ತೆ, ಆಸ್ಪತ್ರೆಯ ನೆಲ ಒರೆಸುವ ಇಬ್ಬರು ಹೆಂಗಸರು, ತುರುವೇಕೆರೆ ರಸ್ತೆಯ ಗ್ಯಾರೇಜಿನ ಒಬ್ಬ ಕೆಲಸಗಾರ, ಅಂಥವರು. ಚಾಪೆ ಹಾಸಿಕೊಂಡು ಹಾಡುವರು, ಬೈಬಲ್ ಓದುವರು, ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಹೇಳಿಕೊಳ್ಳುವರು. ಆಮೇಲೆ ತಂದದ್ದನ್ನು ಹಂಚಿ ತಿನ್ನುವರು. ಚಿನ್ನಮ್ಮ ತರುತ್ತಿದ್ದ ಕೊಬ್ಬರಿಬೆಲ್ಲದಲ್ಲಿ ಅಮ್ಮನಿಗೂ ಒಂದು ಪಾಲು ಬರುತ್ತಿತ್ತು. ಅಷ್ಟೇ ಅವರ ಸಭೆ. ನಾನು ಪಕ್ಕದ ಕಿಟಕಿಯಲ್ಲಿ ಕೂತು, ಸೋಮವಾರದ ಪಾಠಕ್ಕೆ, ಮೊದಮೊದಲಿನ ಕ್ರೈಸ್ತರು ಗುಡಿ ಗೋಪುರವಿಲ್ಲದೆ ಯಾರದೋ ಮನೆಯ ಕೋಣೆಯಲ್ಲಿ ಸೇರುತ್ತಿದ್ದರು, ಅವರಲ್ಲಿ ಹೆಚ್ಚಿನವರು ಕೂಲಿನಾಲಿಯವರು ಎಂದು ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಿ ಗೋಡೆಯಾಚೆ ನೋಡಬೇಕೆಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ. ಓದಿದವರ ದಡ್ಡತನಕ್ಕೆ ಮದ್ದಿಲ್ಲ ನೋಡಿ.

ಎದುರುಮನೆಯ ಗಂಗಾಧರಪ್ಪ ಮಾತ್ರ ನೋಡುತ್ತಿದ್ದರು. ಕೊಬ್ಬರಿ ವ್ಯಾಪಾರದವರು, ನಮ್ಮ ಬೀದಿಯ ದೊಡ್ಡ ಮನುಷ್ಯರು. ಒಂದು ಸಂಜೆ ಜಗುಲಿಗೆ ಬಂದು ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು:

“ಏನ್ ಮೇಷ್ಟ್ರೇ, ಅಟ್ಟದ ಮನೇಲಿ ಚರ್ಚು ಕಟ್ಟಿಸ್ತಿದ್ದೀರಂತೆ?”

“ಎಂಟು ಜನ ಹಾಡ್ಕೋತಾರೆ, ಅದಕ್ಕೇನು?” ಎಂದೆ.

“ಇವತ್ತು ಎಂಟು ಕಣ್ರೀ. ನಾಳೆ ಎಂಬತ್ತಾಯ್ತಾರೆ. ಇವೆಲ್ಲ ಹೆಂಗ್ ಬೆಳೀತವೆ ಅಂತ ನಿಮಗೆ ನಾನ್ ಹೇಳ್ಬೇಕಾ? ನೀವೇ ಪಾಠ ಮಾಡೋರು. ನಾಳೆ ಬೀದಿಯೋರು ನಿಮ್ಮನ್ನ ಒಂದ್ ಮಾತು ಅಂದ್ರೆ ನನ್ ಕೇಳ್ಬ್ಯಾಡಿ.”

ಬೆದರಿಕೆ ಅನ್ನುವಂಥದ್ದೇನೂ ಅಲ್ಲ, ನಗುತ್ತಲೇ ಹೇಳಿದರು. ಆ ನಗುವಿಗೇ ನಾನು ಹೆದರಿದೆ. ತರಗತಿಯಲ್ಲಿ ನಾನು ಭಾರಿ ಧೈರ್ಯಶಾಲಿ. ಚಕ್ರವರ್ತಿಗಳನ್ನೆಲ್ಲ ನಿಲ್ಲಿಸಿ ಬೈದಿದ್ದೇನೆ. ಎದುರುಮನೆಯವರ ಮುಂದೆ ಬಾಲ ಮುದುರಿಕೊಂಡೆ. ವಾರದೊಳಗೆ ಸಿಸ್ಟರ್ ಬಾಗಿಲಲ್ಲಿ ನಿಂತು, “ಈ ವರ್ಷ ಬಿಳಿಗೆರೆ ತೋಟದ ಕಾಯಿ ಅಟ್ಟಕ್ಕೆ ಹಾಕ್ಬೇಕು ಅಂತಿದೀನಿ ಸಿಸ್ಟರ್. ಆಳುಗಳು ಹತ್ತಿ ಇಳೀತಾ ಇರ್ತಾರೆ, ನಿಮಗೂ ತೊಂದ್ರೆ...” ಎಂದೆ. ಹಸಿ ಸುಳ್ಳು. ಅವರು, “ಆಗಲಿ ಸರ್. ಅಟ್ಟ ಇರೋದೇ ಕಾಯಿಗೆ ಅಲ್ವಾ” ಎಂದರು. ತಿಂಗಳು ತುಂಬುವ ಮೊದಲೇ ಕೋಣೆ ಖಾಲಿ ಮಾಡಿ, ಬೀಗದ ಕೈಯನ್ನು ಅಮ್ಮನ ಕೈಗೆ ಕೊಟ್ಟು, ರೈಲ್ವೆ ಸ್ಟೇಷನ್ ಆಚೆ ಒಂದು ಸಣ್ಣ ಮನೆಗೆ ಹೋದರು. ಅಲ್ಲಿ ಇಬ್ಬರು ಮಲಗಿದರೆ ಮೂರನೆಯವರು ನಿಲ್ಲಬೇಕು, ಅಷ್ಟು ಜಾಗ. ಭಾನುವಾರ ಕೂರಲು ಜಾಗವಿಲ್ಲದೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರಂತೆ. ಗ್ಯಾರೇಜಿನವನು ಮೊದಲು ಬಿಟ್ಟ, ನೆಲ ಒರೆಸುವ ಹೆಂಗಸರು ಆಮೇಲೆ ಬಿಟ್ಟರು. ಸಭೆ ಬೆಳೆದದ್ದಕ್ಕೆ ನಾನು ಐದು ಕಾರಣ ಬರೆಸುತ್ತಿದ್ದೆ. ಈ ಸಭೆ ಕರಗಿದ್ದಕ್ಕೆ ಒಂದೇ ಕಾರಣ, ಅದು ನಾನು.

ಅಮ್ಮನಿಗೆ ಮಾತ್ರ ಮನಸ್ಸು ತಡೆಯಲಿಲ್ಲ. “ಅವ್ರು ಹಾಡೋದು ಕೇಳುದ್ರೆ ಇವತ್ತು ಭಾನುವಾರ ಅಂತ ಗೊತ್ತಾಗ್ತಿತ್ತು ಕಣಪ್ಪ. ಈಗ ಯಾವ ವಾರ ಅಂತ್ಲೇ ತಿಳಿಯಾಕಿಲ್ಲ” ಎಂದಳು. ಅಟ್ಟಕ್ಕೆ ಕಾಯಿ ಯಾವಾಗ ಬರುತ್ತದೆ ಎಂದು ಒಂದೆರಡು ಸಲ ಕೇಳಿ ಸುಮ್ಮನಾದಳು.

ಆಮೇಲೆ ಕೊರೋನಾ ಬಂತು. ಮೊದಲನೆಯ ವರ್ಷ ಹೇಗೋ ದಾಟಿದೆವು. ಎರಡನೆಯ ಅಲೆಯಲ್ಲಿ ನಮ್ಮ ಬೀದಿಯಲ್ಲೇ ಕೆಮ್ಮು ಕೇಳಿಸತೊಡಗಿತು. ಮೊದಲು ನನ್ನ ಹೆಂಡತಿಗೆ ಜ್ವರ, ಎರಡು ದಿನ ಬಿಟ್ಟು ಅಮ್ಮನಿಗೆ. ಆಸ್ಪತ್ರೆಗೆ ಹೋಗೋಣವೆಂದರೆ ಅಮ್ಮ ಮಂಚದ ಕಾಲು ಹಿಡಿದುಕೊಂಡಳು. “ಅಲ್ಲಿ ಚೀಲದಾಗೆ ಕಟ್ಟಿ ಮಲಗಿಸಿಬುಡ್ತಾರಂತೆ. ನನ್ನ ಕೂರಿಸಿಯೇ ಮಣ್ಣು ಮಾಡು ಕಣಪ್ಪ, ಮಲಗಿಸ್ಬ್ಯಾಡ” ಅಂದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ, ಎಡಗೈಯಲ್ಲಿ ಲಿಂಗವಿಟ್ಟು ಪೂಜೆಗೆ ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತೇವೆ. ಅಮ್ಮನಿಗೆ ಸಾವಿನ ಭಯವಿರಲಿಲ್ಲ, ಮಲಗುವುದರ ಭಯವಿತ್ತು. ಕೂರಿಸುತ್ತೇನೆ ಎಂದು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಕೇಳಿದಳು. ಕಾಸಿ ತರುವಷ್ಟರಲ್ಲಿ ಹೋಗಿದ್ದಳು.

ಹೆಂಡತಿ ಒಳಕೋಣೆಯಲ್ಲಿ ಏಳಲಾರದೆ ಬಿದ್ದಿದ್ದಳು. ನಾನು ಫೋನು ಹಿಡಿದು ಕೂತೆ. ತಮ್ಮ ಚಿಕ್ಕನಾಯಕನಹಳ್ಳಿಯಲ್ಲಿದ್ದ, ಅವನ ಮನೆಯಲ್ಲೂ ಜ್ವರ. ಸೋದರಮಾವನ ಮಕ್ಕಳು ಅಳುತ್ತಾ ಮಾತಾಡಿದರು, ಬರುತ್ತೇವೆ ಅನ್ನಲಿಲ್ಲ. ಸಂಸ್ಕಾರ ಮಾಡಿಸಬೇಕಾದ ಅಯ್ಯನವರು, “ಫೋನಲ್ಲೇ ಮಂತ್ರ ಹೇಳ್ತೀನಿ, ನೀವು ಕೂರಿಸ್ಕೊಳ್ಳಿ” ಎಂದರು. ಅವರನ್ನು ಬೈಯುವ ಯೋಗ್ಯತೆ ನನಗಿಲ್ಲ. ಬೇರೆಯವರ ಮನೆಯಲ್ಲಿ ಸಾವಾಗಿದ್ದಾಗ ನಾನೂ ಕಿಟಕಿ ಮುಚ್ಚಿದವನೇ. ಆದರೆ ಎಪ್ಪತ್ತು ಕಿಲೋ ತೂಗುವ ತಾಯಿಯನ್ನು ಅರವತ್ತು ದಾಟಿದ ಒಬ್ಬನೇ ಮಗ ಎತ್ತಿ ಕೂರಿಸುವುದು ಹೇಗೆ ಹೇಳಿ? ಎರಡು ಸಲ ಎತ್ತಲು ನೋಡಿದೆ. ಎರಡು ಸಲವೂ ಅವಳ ತಲೆ ನನ್ನ ಭುಜದ ಮೇಲೆ ವಾಲಿತು. ಅವಳನ್ನು ಮತ್ತೆ ಮಲಗಿಸಿ ನೆಲದ ಮೇಲೆ ಕೂತು ಅತ್ತೆ.

ಎದುರುಮನೆಯ ಗಂಗಾಧರಪ್ಪನವರ ಹೆಂಡತಿ, ದಾರಿಯಲ್ಲಿ ಹೋಗುತ್ತಿದ್ದ ಚಿನ್ನಮ್ಮನಿಗೆ “ಈ ಬೀದಿಗೆ ಬರಬ್ಯಾಡ ಕಣೇ, ಮೇಷ್ಟ್ರ ಮನೇಲಿ ಹೆಣ ಐತೆ” ಎಂದು ಕಾಂಪೌಂಡಿನ ಒಳಗಿಂದಲೇ ಎಚ್ಚರಿಕೆ ಹೇಳಿದ್ದರಂತೆ. ಚಿನ್ನಮ್ಮ ನೇರ ಸಿಸ್ಟರ್ ಮನೆಗೆ ಓಡಿದ್ದಾಳೆ. ನನಗೆ ಮೊದಲು ಕೇಳಿಸಿದ್ದು ಬೀದಿಯಲ್ಲಿ ಆ ಹೆಜ್ಜೆ. ಬಾಗಿಲಲ್ಲಿ ಇಬ್ಬರೂ ನಿಂತಿದ್ದರು, ಮುಖಕ್ಕೆ ಎರಡೆರಡು ಮಾಸ್ಕು. ಸಿಸ್ಟರ್ ಆಗತಾನೆ ಡ್ಯೂಟಿ ಮುಗಿಸಿ ಬಂದಿದ್ದರು, ಕಣ್ಣು ಕೆಂಪಾಗಿದ್ದವು.

“ಎಷ್ಟೊತ್ತಾಯ್ತು ಸರ್?”

“ಒಂದೂವರೆ ಗಂಟೆ.”

“ಇನ್ನು ಎರಡು ಗಂಟೆ ಬಿಟ್ರೆ ಕಾಲು ಮಡಿಸೋಕಾಗಲ್ಲ. ಏಳಿ. ಈ ಕಡೆ ನೌಕರಿಗೆ ಬಂದಾಗಿಂದ ನಿಮ್ಮೋರನ್ನ ಎಷ್ಟೋ ಜನರನ್ನ ವಾರ್ಡಲ್ಲೇ ಕೂರಿಸಿ ಕಳ್ಸಿದೀನಿ. ಕಟ್ಟೋಕೆ ಎರಡು ಪಂಚೆ ತನ್ನಿ. ಆನಿಸೋಕೆ ಒಂದು ಗೋಡೆ ಬೇಕು, ಗೂಟ ಇರೋ ಗೋಡೆ.”

ಗೂಟವಿದ್ದ ಗೋಡೆ ಮನೆಯಲ್ಲಿ ಒಂದೇ, ಅಟ್ಟದ ಕೋಣೆಯಲ್ಲಿ. ಅವರೇ ಎರಡು ವರ್ಷ ಬಾಳಿದ ಕೋಣೆ, ಗೂಟ ಎಲ್ಲಿದೆ ಎಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಬೇಡ ಎನ್ನುವ ಹಾಗಿರಲಿಲ್ಲ. ಬೀಗ ತೆಗೆಯುವಾಗ ನಾನು ಅಮ್ಮನನ್ನು ಮರೆತು ಅಟ್ಟವನ್ನೇ ನೆನೆಯುತ್ತಿದ್ದೆ ಎಂದು ಇಂದು ಒಪ್ಪಿಕೊಳ್ಳುತ್ತೇನೆ. ಬಾಗಿಲು ತೆರೆಯಿತು. ಸಿಸ್ಟರ್ ಒಳಗೆ ಬಂದವರು ತಲೆ ಎತ್ತಿ ನೋಡಿದರು. ಅಟ್ಟದಲ್ಲಿ ಒಂದು ಕಾಯಿ ಇಲ್ಲ. ಹಲಗೆಯ ಸಂದಿನಿಂದ ಬೆಳಕು ನೇರವಾಗಿ ನೆಲಕ್ಕೆ ಬೀಳುತ್ತಿತ್ತು. ಅವರು ಏನಾದರೂ ಅನ್ನಲಿ ಎಂದು ಕಾದೆ. “ಇಲ್ಲಿ ಗಾಳಿ ಚೆನ್ನಾಗಿದೆ ಸರ್. ಅಮ್ಮನ್ನ ಇಲ್ಲೇ ಕೂರಿಸೋಣ” ಎಂದರು, ಅಷ್ಟೇ.

ಮೂವರೂ ಸೇರಿ ಅಮ್ಮನನ್ನು ಚಾಪೆಯಲ್ಲಿ ಎತ್ತಿ ತಂದೆವು. ಚಿನ್ನಮ್ಮ ಮೈ ಒರೆಸಿದಳು. ಸಿಸ್ಟರ್ ಮಂಡಿಯನ್ನು ಎರಡೂ ಕೈಯಿಂದ ನೀವಿ ನೀವಿ, ಮಗುವಿನ ಕಾಲು ಮಡಿಸುವಷ್ಟು ನಿಧಾನವಾಗಿ ಮಡಿಸಿದರು. ಆ ಮಂಡಿಯ ಚರಿತ್ರೆ ಅವರಿಗೆ ಗೊತ್ತಿತ್ತಲ್ಲ. ಬೆನ್ನಿಗೆ ದಿಂಬು ಕೊಟ್ಟು, ಪಂಚೆಯನ್ನು ಎದೆಯ ಸುತ್ತ ತಂದು ಗೂಟಕ್ಕೆ ಬಿಗಿದು, ಗದ್ದಕ್ಕೆ ಬಟ್ಟೆ ಕಟ್ಟಿದರು. ನಾನು ವಿಭೂತಿಯ ಗಟ್ಟಿಯನ್ನು ಅವರ ಕಡೆ ಚಾಚಿದೆ. ಆ ಹೊತ್ತಿಗೆ ನನ್ನ ಬುದ್ಧಿ ಎಲ್ಲಿತ್ತೋ. “ಅದು ನಿಮ್ಮ ಕೆಲಸ ಸರ್, ನೀವೇ ಹಚ್ಚಿ. ನಾನು ಹಿಡ್ಕೊಂಡಿರ್ತೀನಿ” ಎಂದರು. ಫೋನಿನಲ್ಲಿ ಅಯ್ಯನವರು ಮಂತ್ರ ಹೇಳಿದರು. ನಾನು ಅಮ್ಮನ ಹಣೆಗೆ ಮೂರು ಬೆರಳು ಎಳೆದೆ. ಸಿಸ್ಟರ್ ಒಂದು ಕೈಯಲ್ಲಿ ಫೋನನ್ನೂ ಇನ್ನೊಂದು ಕೈಯಲ್ಲಿ ಅಮ್ಮನ ತಲೆಯನ್ನೂ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಸಿಸ್ಟರ್ ಆಸ್ಪತ್ರೆಯ ಗಾಡಿ ತರಿಸಿದರು, ತೋಟದ ಆಳುಗಳು ಗುಂಡಿ ತೋಡಿಟ್ಟು ದೂರ ನಿಂತಿದ್ದರು. ಮಧ್ಯಾಹ್ನದೊಳಗೆ ಬಿಳಿಗೆರೆಯ ತೋಟದಲ್ಲಿ, ಅಪ್ಪನ ಪಕ್ಕದಲ್ಲಿ, ಅಮ್ಮ ಕೂತಳು. ನಾನು ಕೊಟ್ಟ ಮಾತನ್ನು ನಡೆಸಿಕೊಟ್ಟವರು ನಾನು ಹೊರಗೆ ಹಾಕಿದವರು.

ಅವತ್ತೇ ನಾನು ಹೇಳಬೇಕಿತ್ತು. ತಪ್ಪಾಯಿತು ಸಿಸ್ಟರ್, ಕೋಣೆ ನಿಮ್ಮದು, ಭಾನುವಾರ ಎಲ್ಲರನ್ನೂ ಕರೆದುಕೊಂಡು ಬನ್ನಿ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಹನ್ನೊಂದನೆಯ ದಿನ ಕಳೆಯಲಿ, ಹೆಂಡತಿ ಏಳಲಿ, ಗಲಾಟೆ ಅಡಗಲಿ ಎಂದು ಮುಂದೂಡಿದೆ. ಇಪ್ಪತ್ತು ದಿನಕ್ಕೆ ಲಿಡಿಯಾ ಸಿಸ್ಟರ್ ಹೋದರೆಂದು ಸುದ್ದಿ ಬಂತು. ವಾರ್ಡಿನಲ್ಲಿ ತಗಲಿತೋ ನಮ್ಮ ಮನೆಯಲ್ಲಿ ತಗಲಿತೋ ಯಾರೂ ಹೇಳಲಾರರು. ಹೇಳಬಲ್ಲವರಿದ್ದರೆ ನಾನೇ ಕೇಳುತ್ತಿರಲಿಲ್ಲವೇನೋ. ಅವರ ಮಣ್ಣಿಗೆ ನಾನು ಹೋಗಲಿಲ್ಲ. ಚಿನ್ನಮ್ಮ ಮತ್ತು ಆಸ್ಪತ್ರೆಯವರು ನಾಲ್ಕು ಜನ ಇದ್ದರಂತೆ. ನಾನು ಕಿಟಕಿ ಮುಚ್ಚಿಕೊಂಡು ಒಳಗೆ ಕೂತಿದ್ದೆ.

ಮುಂದೆ ಮಾಡಿದ್ದನ್ನು ಕೇಳಿದರೆ ನೀವು ನಗಬಹುದು. ಆ ವರ್ಷವೇ ತೋಟದ ಕಾಯಿ ಮಾರುವುದನ್ನು ನಿಲ್ಲಿಸಿ, ಗಾಡಿಯಲ್ಲಿ ಹೇರಿಸಿ ತಂದು ಅಟ್ಟ ತುಂಬಿಸಿದೆ. ಸತ್ತವರ ಮುಂದೆ ಸುಳ್ಳನ್ನು ನಿಜ ಮಾಡುವ ಹುಚ್ಚು. ಅಲ್ಲಿಂದ ಈಚೆಗೆ ಪ್ರತಿ ವರ್ಷವೂ ತುಂಬಿಸುತ್ತೇನೆ. “ಈ ವಯಸ್ಸಲ್ಲಿ ಇದ್ಯಾಕ್ರೀ ನಿಮಗೆ?” ಎಂದು ಹೆಂಡತಿ ರೇಗುತ್ತಾಳೆ. ಗಂಗಾಧರಪ್ಪನವರು ಮಾತ್ರ, ಮೇಷ್ಟ್ರಿಗೆ ಈಗ ಬುದ್ಧಿ ಬಂತು ಎಂದು ಹೊಗಳುತ್ತಾರೆ. ಕೆಳಗಿನ ಕೋಣೆಯನ್ನು ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ.

ಮೊನ್ನೆಯ ಆ ಎಣ್ಣೆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ನಾಲ್ಕನೆಯ ಕಾರಣ ಹರಿದುಹೋದದ್ದನ್ನು ಯಾಕೋ ಸಹಿಸಲಾಗಲಿಲ್ಲ. ಮಾರನೆಯ ದಿನ ಭಾನುವಾರ. ಕೋಣೆಯ ಬೀಗದ ಕೈ ತೆಗೆದುಕೊಂಡು ಚಿನ್ನಮ್ಮನ ಮನೆ ಹುಡುಕಿಕೊಂಡು ಹೋದೆ. ಅಡುಗೆಮನೆಯಲ್ಲಿ ಚಿನ್ನಮ್ಮ, ಅವಳ ಮುದಿ ಅತ್ತೆ, ಆಸ್ಪತ್ರೆಯ ಒಬ್ಬ ಹೆಂಗಸು ಮಣೆ ಹಾಕಿಕೊಂಡು ಕೂತಿದ್ದರು. ಪ್ರಾರ್ಥನೆ ಮುಗಿದಿತ್ತು. ತಟ್ಟೆಯಲ್ಲಿ ಕೊಬ್ಬರಿಬೆಲ್ಲ ಇತ್ತು. ನಾನು ಹೊಸಿಲ ಮೇಲೆಯೇ ನಿಂತು, ನಾಲ್ಕು ವರ್ಷಕ್ಕಿಂತ ಹೆಚ್ಚು ಕಾಲ ನುಂಗಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ: “ಅಟ್ಟಕ್ಕೆ ಕಾಯಿ ಹಾಕೋದು ಅಂತ ಇರಲೇ ಇಲ್ಲ ಚಿನ್ನಮ್ಮ. ನಿಮ್ಮನ್ನ ಕಳ್ಸೋಕೆ ಸುಳ್ಳು ಹೇಳಿದ್ದೆ. ತಗೋ, ಇನ್ಮೇಲೆ ಅಲ್ಲೇ ಸೇರಿ.”

ಚಿನ್ನಮ್ಮ ಬೀಗದ ಕೈ ನೋಡಿದಳು, ತೆಗೆದುಕೊಳ್ಳಲಿಲ್ಲ. “ಮೂರು ಜನುಕ್ಕೆ ಅಷ್ಟು ದೊಡ್ಡ ರೂಮ್ ಯಾಕ್ ಸಾ? ಈ ಒಲೆ ಮುಂದ್ಲ ಜಾಗನೇ ಸಾಕು ಬುಡಿ.” ಒಂದು ಮಣೆಯನ್ನು ನನ್ನ ಕಡೆ ಸರಿಸಿ ಹೇಳಿದಳು. “ಸುಳ್ಳು ಅಂತ ನಮಗೆ ಗೊತ್ತಿತ್ತು ಕಣ್ರೀ ಸಾ. ಅವತ್ತು ಅಟ್ಟ ಖಾಲಿ ನೋಡಿದ್ವಲ್ಲ. ನಾನು ದಾರೀಲಿ ನಿಮ್ಮನ್ನ ಬೈಕೊಂಡೆ. ಸಿಸ್ಟರ್ ಬೈಯಾಕೆ ಬುಡ್ಲಿಲ್ಲ. ಮುಂದ್ಲ ಭಾನುವಾರ್ದಿಂದ ಹುಷಾರು ತಪ್ಪೋ ತನಕ ಒಂದೇ ಪ್ರಾರ್ಥನೆ ಮಾಡಿಸ್ತಿದ್ರು: ಮೇಷ್ಟ್ರ ಅಟ್ಟ ಹೆಂಗಾದ್ರೂ ತುಂಬಲಪ್ಪ, ಅವರ ಮಾತು ಸುಳ್ಳಾಗಬಾರ್ದು ಅಂತ. ತುಂಬೈತಂತಲ್ಲ ಸಾ ಈಗ?”

“ತುಂಬಿದೆ” ಎಂದೆ. ಅವಳು ಒಂದು ತುಂಡು ಕೊಬ್ಬರಿಬೆಲ್ಲ ಕೈಗಿಟ್ಟಳು. ಅಮ್ಮನ ಪಾಲು ಎಂದುಕೊಂಡು ತಿಂದೆ.

ಮನೆಗೆ ಬಂದು ಕೋಣೆಯ ಬೀಗ ತೆಗೆದು, ಏಣಿ ಹತ್ತಿ ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಲೊಟಲೊಟ ಅಂದಿತು. ಇಳಿಸುವ ಹೊತ್ತಾಗಿದೆ. ಇಳಿಸಿದರೆ ಅಟ್ಟ ಖಾಲಿಯಾಗುತ್ತದೆ, ಮತ್ತೆ ತುಂಬಿಸಬೇಕು. ಇಷ್ಟು ವರ್ಷ ನನ್ನ ನಾಚಿಕೆಯೇ ಇದನ್ನು ತುಂಬಿಸುತ್ತಿದೆ ಎಂದುಕೊಂಡಿದ್ದೆ. ಏಣಿಯ ಮೇಲೆ ಕೂತೇ ಜೇಬಿನ ಹಾಳೆ ತೆಗೆದೆ. ಹರಿದ ಅಂಚಿನ ಕೆಳಗೆ ಬರೆಯಲು ಜಾಗವಿರಲಿಲ್ಲ. ಹಿಂದಕ್ಕೆ ತಿರುಗಿಸಿ, ನಾಲ್ಕು ಎಂದು ಬರೆದು, ಮುಂದೆ ಕಂದಿಕೆರೆಯ ಆ ಹುಡುಗಿಯ ಪ್ರಶ್ನೆಯನ್ನು ಬರೆದೆ: ಅಂಟೋ ಕಾಯಿಲೆ ಅಂತ ಗೊತ್ತಿದ್ದೂ ಅವ್ರು ಯಾಕ್ ಹೋಗ್ತಿದ್ರು? ಗೂಟದ ಗೋಡೆಯ ಕಡೆ ನೋಡುತ್ತಾ ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ.